ಗಡಸು ನೀರು, ಕೊಳಕು ನೀರು ಬೇರೆ ಬೇರೆ: ಚಿತ್ರದುರ್ಗದ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಸ್ಟೀಲ್ ಕೊಡದೊಳಗೆ ಕೈ ಹಾಕಿ ಬೆರಳಾಡಿಸಿ ನೋಡಿ. ನೀರು ನಿಲ್ಲುವ ಮಟ್ಟದಲ್ಲಿ ಒರಟಾದ ಬಿಳಿ ಬಳೆಯೊಂದು ಕೈಗೆ ಸಿಗುತ್ತದೆ. ಬೋರ್ ನೀರು ಬಳಸುವ ಮನೆಯಾದರೆ ಬೇಸಿನ್ ಮೇಲೂ ಅದೇ ಬಿಳುಪು, ಇಡ್ಲಿ ಪಾತ್ರೆಯ ತಳದಲ್ಲೂ ಅದೇ. ಆ ಬಿಳುಪು ನೋಡಿ ಹೆದರಿ ಸಾವಿರಾರು ರೂಪಾಯಿ ಕೊಟ್ಟು ನೀರು ಶುದ್ಧ ಮಾಡುವ ಮಷಿನ್ ತಂದವರು ನಮ್ಮ ಬೀದಿಯಲ್ಲೇ ಇದ್ದಾರೆ. ತಂದ ಮೇಲೂ ಅವರ ಮನೆ ಮಕ್ಕಳಿಗೆ ಹೊಟ್ಟೆ ಕೆಡುವುದು ನಿಂತಿಲ್ಲ.

ನಾನು ನೀರಿನ ಇಲಾಖೆಯಲ್ಲಿ ಕೆಲಸ ಮಾಡುವುದಿಲ್ಲ, ಫಿಲ್ಟರ್ ಮಾರುವುದೂ ಇಲ್ಲ. ಮನೆಯಲ್ಲಿ ನೀರಿನ ತಾಪತ್ರಯ ಜಾಸ್ತಿಯಾದಾಗ ಪರೀಕ್ಷೆ ಮಾಡಿಸಿ, ಓದಿ, ತಿಳಿದವರನ್ನು ಕೇಳಿ ಒಂದಿಷ್ಟು ಕಲಿತೆ. ಅಕ್ಕಪಕ್ಕದವರು, ನೆಂಟರು ಬಂದು ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು.

ನಮ್ಮ ನಲ್ಲಿಗೆ ನೀರು ಬರುವುದು ಎಲ್ಲಿಂದ?

ಚಿತ್ರದುರ್ಗಕ್ಕೆ ಎರಡು ಕಡೆಯಿಂದ ನೀರು ಬರುತ್ತದೆ. ಒಂದು, ಚನ್ನಗಿರಿ ತಾಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ. ಇನ್ನೊಂದು, ಹಿರಿಯೂರು ಹತ್ತಿರದ ವಾಣಿ ವಿಲಾಸ ಸಾಗರ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡ ಕಟ್ಟಿದ ಈ ಅಣೆಕಟ್ಟು ಮುಗಿದಿದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದಿದ್ದು 2022ರಲ್ಲಿ. ಆ ವರ್ಷ ಜನ ಜಾತ್ರೆಗೆ ಹೋದ ಹಾಗೆ ಕೋಡಿ ನೋಡಲು ಹೋಗಿದ್ದರು.

ಇವೆರಡೂ ಮಳೆ ನೀರು ಬಂದು ನಿಲ್ಲುವ ಜಾಗ. ಕಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ಕೂತ ನೀರಲ್ಲ. ಹಾಗಾಗಿ ನಲ್ಲಿ ನೀರು ಬೋರ್ ನೀರಿಗಿಂತ ಸಾಮಾನ್ಯವಾಗಿ ಮೆದು. ಆದರೆ ಅದು ದಿನಾ ಬರುವುದಿಲ್ಲ. ಬಾರದ ದಿನ ಬೋರ್ ನೀರೇ ಗತಿ. ಬಹಳ ಮನೆಗಳಲ್ಲಿ ಎರಡೂ ಒಂದೇ ಸಂಪಿಗೆ ಬೀಳುತ್ತವೆ. ನಮ್ಮ ಸಮಸ್ಯೆ ಅರ್ಧ ಶುರುವಾಗುವುದೇ ಅಲ್ಲಿ. ಒಳ್ಳೆಯ ನೀರನ್ನು ಗಡಸು ನೀರಿಗೆ ಬೆರೆಸಿ, ಆಮೇಲೆ ಎಲ್ಲಾ ನೀರೂ ಗಡಸು ಅಂತ ಬೈಯುತ್ತೇವೆ.

ಗಡಸು ನೀರು ಅಂದರೆ ಏನು? ಸವಳು ನೀರು ಅಂದರೂ ಅದೇನಾ?

ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಎಷ್ಟಿದೆ ಅನ್ನುವುದೇ ಗಡಸುತನ. ಮಳೆ ನೀರು ನೆಲಕ್ಕಿಳಿದು ಮಣ್ಣು, ಕಲ್ಲು ದಾಟಿ ಹೋಗುವಾಗ ಇವನ್ನು ಕರಗಿಸಿಕೊಂಡು ಹೋಗುತ್ತದೆ. ಸವಳು ಅಂದರೆ ಬಾಯಿಗೆ ಉಪ್ಪುಪ್ಪಾಗಿ ಸಿಗುವ ನೀರು. ಅದಕ್ಕೆ ಮುಖ್ಯ ಕಾರಣ ಸೋಡಿಯಂ, ಕ್ಲೋರೈಡ್. ನಮ್ಮ ಕಡೆ ಬೋರ್ ನೀರಿನಲ್ಲಿ ಎರಡೂ ಒಟ್ಟಿಗೆ ಇರುವುದರಿಂದ ಒಂದೇ ಅನ್ನಿಸುತ್ತದೆ, ಅಷ್ಟೇ. ರುಚಿಗೆ ಏನೂ ಗೊತ್ತಾಗದ ನೀರೂ ಚೆನ್ನಾಗಿ ಗಡಸಾಗಿರಬಹುದು.

ಹಿಂದಿನವರಿಗೆ ಈ ವ್ಯತ್ಯಾಸ ನಾಲಗೆಯಲ್ಲೇ ಗೊತ್ತಿತ್ತು. ನಮ್ಮ ಊರಲ್ಲಿ ಒಂದು ಹೊಂಡಕ್ಕೆ ಸಿಹಿನೀರು ಹೊಂಡ ಅಂತಲೇ ಹೆಸರು. ಕುಡಿಯುವ ನೀರು ಯಾವುದು, ಬಳಸುವ ನೀರು ಯಾವುದು ಅಂತ ಬೇರೆ ಮಾಡಿಕೊಂಡು ಬದುಕಿದ ಊರು ಇದು.

ಗಡಸುತನದಲ್ಲೂ ಎರಡು ಬಗೆ. ಒಂದು, ಕಾಯಿಸಿದರೆ ತಳಕ್ಕೆ ಬಿಳಿ ಪುಡಿಯಾಗಿ ಇಳಿಯುವುದು; ಇದು ಬೈಕಾರ್ಬೊನೇಟ್‌ನಿಂದ ಬಂದದ್ದು. ಇನ್ನೊಂದು ಸಲ್ಫೇಟ್, ಕ್ಲೋರೈಡ್ ಜೊತೆ ಸೇರಿಕೊಂಡಿದ್ದು. ಇದು ಎಷ್ಟು ಕುದಿಸಿದರೂ ಹೋಗುವುದಿಲ್ಲ.

ಎಷ್ಟಿದ್ದರೆ ಗಡಸು ಅನ್ನಬೇಕು?

ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಅಳೆಯುತ್ತಾರೆ. 60ರವರೆಗೆ ಮೆದು, 120 ದಾಟಿದರೆ ಗಡಸು, 180ರ ಮೇಲೆ ತುಂಬಾ ಗಡಸು ಅನ್ನುವುದು ಸಾಮಾನ್ಯ ಲೆಕ್ಕ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ, ಅಂದರೆ ಐಎಸ್ 10500, ಗಡಸುತನ 200ರೊಳಗೆ ಇರಬೇಕು ಅನ್ನುತ್ತದೆ. ಬೇರೆ ನೀರೇ ಸಿಗದಿದ್ದರೆ 600ರವರೆಗೆ ಒಪ್ಪಬಹುದು ಅಂತಲೂ ಅದರಲ್ಲೇ ಇದೆ.

ಪಟ್ಟಿಯಲ್ಲಿ 200, 600 ಅಂತ ಎರಡು ಅಂಕಿ ಇರುವುದನ್ನು ಗಮನಿಸಿ. ಗಡಸುತನ, ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಉಪ್ಪಿನಂಶ), ಕ್ಲೋರೈಡ್ ಇವಕ್ಕೆಲ್ಲ ಹೀಗೆ ದೊಡ್ಡ ರಿಯಾಯಿತಿ ಇದೆ. ನೈಟ್ರೇಟ್‌ಗೆ ಇಲ್ಲ, 45 ಅಂದರೆ 45. ಮಲದ ಬ್ಯಾಕ್ಟೀರಿಯಾಕ್ಕಂತೂ ಇಲ್ಲವೇ ಇಲ್ಲ. 100 ಮಿಲಿಲೀಟರ್ ನೀರಿನಲ್ಲಿ ಒಂದೂ ಕಾಣಿಸಬಾರದು. ಯಾವುದಕ್ಕೆ ಸ್ವಲ್ಪ ಹೊಂದಿಕೊಳ್ಳಬಹುದು, ಯಾವುದಕ್ಕೆ ಖಂಡಿತ ಆಗದು ಅನ್ನುವುದು ಈ ಪಟ್ಟಿ ನೋಡಿದರೇ ಗೊತ್ತಾಗುತ್ತದೆ.

ಗಡಸು ನೀರು ಕುಡಿದರೆ ಕಿಡ್ನಿಯಲ್ಲಿ ಕಲ್ಲಾಗುತ್ತಂತೆ, ನಿಜವೇ?

ಕೊಡಕ್ಕೆ ಸುಣ್ಣ ಕಟ್ಟಿದ ಹಾಗೆ ಹೊಟ್ಟೆಯೊಳಗೂ ಕಟ್ಟುತ್ತದೆ ಅನ್ನುವ ಲೆಕ್ಕಾಚಾರ ಇದು. ದೇಹ ಕೊಡ ಅಲ್ಲ. ಗಡಸು ನೀರಿನಿಂದಲೇ ಕಲ್ಲಾಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಕಲ್ಲಿಗೆ ದೊಡ್ಡ ಕಾರಣ ನೀರು ಕಡಿಮೆ ಕುಡಿಯುವುದು. ನಮ್ಮ ಬಿಸಿಲಿಗೆ ಬೆವರಿ, ಹೊಲದಲ್ಲೋ ಬೈಕಿನ ಮೇಲೋ ದಿನವಿಡೀ ಇದ್ದು, ಸಂಜೆವರೆಗೆ ಎರಡು ಲೋಟ ನೀರು ಕುಡಿದರೆ ಆಗುವ ಕಥೆ ಅದು. ಬಾಯಿಗೆ ರುಚಿಸದ ನೀರನ್ನು ಜನ ಕಡಿಮೆ ಕುಡಿಯುತ್ತಾರೆ ಅನ್ನುವುದು ಮಾತ್ರ ನಿಜ. ಈಗಾಗಲೇ ಕಲ್ಲಿನ ತೊಂದರೆ ಇದ್ದವರು ಡಾಕ್ಟರ್ ಹೇಳಿದ ಹಾಗೆ ಮಾಡಬೇಕು.

ಕ್ಯಾಲ್ಸಿಯಂ, ಮೆಗ್ನೀಷಿಯಂ ದೇಹಕ್ಕೆ ಬೇಕಾದವೇ. ತೀರಾ ಜಾಸ್ತಿ ಇದ್ದರೆ ರುಚಿ ಕೆಡುತ್ತದೆ. ಮೆಗ್ನೀಷಿಯಂ ಸಲ್ಫೇಟ್ ಹೆಚ್ಚಿರುವ ನೀರು ಹೊಸಬರಿಗೆ ಹೊಟ್ಟೆ ಸಡಿಲ ಮಾಡಬಹುದು.

ಹಾಗಾದರೆ ಹೆದರಬೇಕಾದ್ದು ಯಾವುದಕ್ಕೆ?

ಕಣ್ಣಿಗೆ ಕಾಣದ್ದಕ್ಕೆ. ನಾನು ಇಷ್ಟೆಲ್ಲ ಬರೆಯುತ್ತಿರುವುದೇ ಈ ಒಂದು ಮಾತಿಗಾಗಿ. ಗಡಸು ನೀರು ಪಾತ್ರೆಯ ಮೇಲೆ ಗುರುತು ಬಿಡುತ್ತದೆ. ನಿಜವಾಗಿ ಕೆಡುಕು ಮಾಡುವ ನೀರು ಯಾವ ಗುರುತೂ ಬಿಡುವುದಿಲ್ಲ.

ಮೊದಲನೆಯದು ಚರಂಡಿ ನೀರು ಸೇರುವುದು. 2023ರ ಆಗಸ್ಟ್‌ನಲ್ಲಿ ನಮ್ಮದೇ ಊರಿನ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಮನೆಮನೆಯಿಂದ ವಾಂತಿ ಭೇದಿ ಅಂತ ಆಸ್ಪತ್ರೆ ಸೇರಿದರು. ಈ ಊರಲ್ಲಿದ್ದವರು ಯಾರೂ ಆ ವಾರ ಮರೆಯುವ ಹಾಗಿಲ್ಲ. ಆ ಸಾವುಗಳಿಗೂ ಗಡಸುತನಕ್ಕೂ ಸಂಬಂಧ ಇಲ್ಲ. ನೀರು ಮೆದುವಾಗಿದ್ದರೂ ತಿಳಿಯಾಗಿದ್ದರೂ ಕಾಲರಾ, ಟೈಫಾಯ್ಡ್, ಕಾಮಾಲೆ ತರಬಹುದು.

ಎರಡನೆಯದು ಫ್ಲೋರೈಡ್. ಚಿತ್ರದುರ್ಗ, ಪಾವಗಡ, ಕೋಲಾರ, ಗದಗ, ರಾಯಚೂರು, ಹೀಗೆ ಬಯಲುಸೀಮೆಯ ಬಹಳ ಕಡೆ ಬೋರ್ ನೀರಿನಲ್ಲಿ ಇದು ಇದೆ. ಗ್ರಾನೈಟ್ ಥರದ ಗಟ್ಟಿ ಕಲ್ಲಿನಿಂದ ನಿಧಾನಕ್ಕೆ ಕರಗಿ ಬರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ, ಹೆಚ್ಚೆಂದರೆ 1.5. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹೊಸ ಹಲ್ಲು ಕಂದು ಪಟ್ಟೆ ಕಟ್ಟಿಕೊಂಡೇ ಹುಟ್ಟುತ್ತವೆ. ಪ್ರಮಾಣ ತುಂಬಾ ಜಾಸ್ತಿಯಾದರೆ ದೊಡ್ಡವರಿಗೆ ಮಂಡಿ, ಸೊಂಟ, ಕುತ್ತಿಗೆ ಬಿಗಿಯುತ್ತವೆ. ಒಮ್ಮೆ ಆದದ್ದು ವಾಪಸ್ ಹೋಗುವುದಿಲ್ಲ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಕುದಿಸಿದರೆ ಕಡಿಮೆಯಾಗುವ ಬದಲು ನೀರು ಆವಿಯಾಗಿ ಇನ್ನಷ್ಟು ದಟ್ಟವಾಗುತ್ತದೆ.

ಇಲ್ಲೊಂದು ವಿಚಿತ್ರ ನೋಡಿ. ಕ್ಯಾಲ್ಸಿಯಂ ಜಾಸ್ತಿ ಇರುವ ನೀರಿನಲ್ಲಿ ಫ್ಲೋರೈಡ್ ಅಷ್ಟಾಗಿ ಕರಗಿ ನಿಲ್ಲುವುದಿಲ್ಲ, ಕ್ಯಾಲ್ಸಿಯಂ ಜೊತೆ ಸೇರಿ ಕೂತುಬಿಡುತ್ತದೆ. ಹಾಗಾಗಿ ಸೋಪು ಚೆನ್ನಾಗಿ ನೊರೆ ಬರುವ ಬೋರ್ ನೀರಿನಲ್ಲೇ ಎಷ್ಟೋ ಸಲ ಫ್ಲೋರೈಡ್ ಜಾಸ್ತಿ ಸಿಗುತ್ತದೆ. ನಮ್ಮ ಬೋರ್ ನೀರು ಸಿಹಿ, ಏನೂ ತೊಂದರೆ ಇಲ್ಲ ಅನ್ನುವವರು ದಯವಿಟ್ಟು ಒಮ್ಮೆ ಫ್ಲೋರೈಡ್ ಪರೀಕ್ಷೆ ಮಾಡಿಸಿ.

ಮೂರನೆಯದು ನೈಟ್ರೇಟ್. ಶೌಚದ ಗುಂಡಿ, ದನದ ಕೊಟ್ಟಿಗೆ, ಗೊಬ್ಬರ ಹಾಕಿದ ಹೊಲ ಹತ್ತಿರ ಇದ್ದರೆ ಬೋರಿಗೆ ಇಳಿಯುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಹಾಲಿನ ಪುಡಿ ಕಲಸಲು ಇಂಥ ನೀರು ಬಳಸಿದರೆ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕಡಿಮೆಯಾಗಿ ಮಗು ನೀಲಿಗಟ್ಟಬಹುದು. ಇದೂ ಕುದಿಸಿದರೆ ಹೋಗುವುದಿಲ್ಲ.

ಟಿಡಿಎಸ್ ಮೀಟರ್ ಇಟ್ಟುಕೊಂಡಿದ್ದೇನೆ. ಅಷ್ಟು ಸಾಕಲ್ವಾ?

ಸಾಲದು. ಪೆನ್ನಿನ ಥರದ ಆ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅನ್ನುವುದನ್ನು. ಅದರಿಂದ ಒಟ್ಟು ಉಪ್ಪಿನಂಶ ಇಷ್ಟಿರಬಹುದು ಅಂತ ಅಂದಾಜು ತೋರಿಸುತ್ತದೆ. ಯಾವ ಉಪ್ಪು ಅಂತ ಅದಕ್ಕೆ ಗೊತ್ತಿಲ್ಲ. ಫ್ಲೋರೈಡ್ 3 ಇದ್ದರೂ ಆ ಮೀಟರಿನಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ರೋಗಾಣು ಅಂತೂ ಅದಕ್ಕೆ ಕಾಣುವುದೇ ಇಲ್ಲ. ಮಳೆಗಾಲದಲ್ಲಿ ಚರಂಡಿ ಸೇರಿದ ನಲ್ಲಿ ನೀರಿಗೆ ಅದ್ದಿದರೆ 200 ಅಂತ ತೋರಿಸಿ ನಿಮ್ಮನ್ನು ಸಮಾಧಾನ ಮಾಡಿಬಿಡುತ್ತದೆ.

ಅದರ ಉಪಯೋಗ ಬೇರೆ ಇದೆ. ನಿಮ್ಮ ಬೋರ್ ಅಂಕಿ ದಿಢೀರ್ ಬದಲಾದರೆ ಏನೋ ಆಗಿದೆ ಅಂತ ತಿಳಿಯುತ್ತದೆ. ಆರ್‌ಓ, ಅಂದರೆ ಕರಗಿದ ಉಪ್ಪನ್ನೂ ಸೋಸಿ ತೆಗೆಯುವ ಮಷಿನ್ ಇದ್ದರೆ, ಅದರ ಮೆಂಬ್ರೇನ್ (ಸೋಸುವ ತೆಳು ಪೊರೆ) ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡಬಹುದು.

ಮನೆಗೆ ಬಂದವರು ಎರಡು ಕಡ್ಡಿ ಅದ್ದಿ ನಮ್ಮ ನೀರಿನಲ್ಲಿ ಕೊಳೆ ತೋರಿಸಿದರು. ಅಷ್ಟು ಹೊಲಸು ನೀರು ಕುಡಿಯುತ್ತಿದ್ದೇವಾ?

ಇದು ನಮ್ಮ ಮನೆಯಲ್ಲೂ ಆಯಿತು. ಒಂದು ಭಾನುವಾರ ಫಿಲ್ಟರ್ ಮಾರುವ ಹುಡುಗ ಬಂದ. ಟೀಪಾಯಿ ಮೇಲೆ ಎರಡು ಗಾಜಿನ ಲೋಟ ಇಟ್ಟ. ಒಂದರಲ್ಲಿ ನಮ್ಮ ನೀರು, ಇನ್ನೊಂದರಲ್ಲಿ ಅವನೇ ತಂದ ಆರ್‌ಓ ನೀರು. ಜೋಡಿ ಕಡ್ಡಿ ಇರುವ ಪೆಟ್ಟಿಗೆಯನ್ನು ಮೇಲಿಟ್ಟು ಸ್ವಿಚ್ ಹಾಕಿದ. ನಿಮಿಷದೊಳಗೆ ನಮ್ಮ ಲೋಟದಲ್ಲಿ ಹಸಿರು ಮಿಶ್ರಿತ ಕಂದು ಬಣ್ಣದ ಕೆಸರು ಎದ್ದಿತು. ಅವನ ಲೋಟ ತಿಳಿಯಾಗೇ ಇತ್ತು. ಅಮ್ಮ ಬಾಯಿ ಮೇಲೆ ಸೆರಗು ಇಟ್ಟುಕೊಂಡು ನಿಂತರು.

ನಾನು ಒಳಗಿಂದ ಒಂದು ಚಿಟಿಕೆ ಅಡುಗೆ ಉಪ್ಪು ತಂದು ಅವನ ಆರ್‌ಓ ನೀರಿಗೆ ಹಾಕಿ ಕಲಸಿ, ಮತ್ತೆ ಸ್ವಿಚ್ ಹಾಕು ಅಂದೆ. ಈ ಸಲ ಅದರಲ್ಲೂ ಕೆಸರು ಬಂತು. ಆ ಕಡ್ಡಿಗಳಲ್ಲಿ ಒಂದು ಕಬ್ಬಿಣ, ಒಂದು ಅಲ್ಯೂಮಿನಿಯಂ. ಉಪ್ಪಿನಂಶ ಇರುವ ನೀರಿನಲ್ಲಿ ವಿದ್ಯುತ್ ಹರಿದು ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕಾಗುತ್ತದೆ. ಆ ಕೆಸರು ಕಡ್ಡಿಯದು, ನೀರಿನದಲ್ಲ. ಉಪ್ಪೇ ಇಲ್ಲದ ಆರ್‌ಓ ನೀರಿನಲ್ಲಿ ವಿದ್ಯುತ್ ಹರಿಯದ್ದಕ್ಕೆ ಏನೂ ಆಗುವುದಿಲ್ಲ. ಪಾಪ ಆ ಹುಡುಗನಿಗೂ ಇದು ಗೊತ್ತಿದ್ದಂತಿರಲಿಲ್ಲ. ಟೀ ಕುಡಿದು ಹೋದ. ಹಾಗೆ ಹೆದರಿಸಿ ಕಷ್ಟಪಟ್ಟು ದುಡಿದ ದುಡ್ಡು ಖರ್ಚು ಮಾಡಿಸುವುದು ತಪ್ಪು.

ಹಾಗಾದರೆ ಆರ್‌ಓ ಬೇಡವೇ ಬೇಡವಾ?

ಹಾಗಲ್ಲ. ಕುಡಿಯಲು ಬೋರ್ ನೀರು ಬಿಟ್ಟು ಬೇರೆ ಇಲ್ಲ, ಪರೀಕ್ಷೆಯಲ್ಲಿ ಫ್ಲೋರೈಡ್ ಅಥವಾ ನೈಟ್ರೇಟ್ ಜಾಸ್ತಿ ಬಂದಿದೆ, ಇಲ್ಲವೇ ಬಾಯಿಗೆ ಇಡಲಾಗದಷ್ಟು ಸವಳು ಅಂದರೆ ಆರ್‌ಓ ಸರಿಯಾದ ಉಪಾಯ. ಮನೆಯಲ್ಲಿ ಇವನ್ನೆಲ್ಲ ಒಟ್ಟಿಗೆ ತೆಗೆಯುವುದು ಅದೇ. ಅಂಥ ಮನೆಯವರು ಸುಮ್ನೆ ಕಾಯುವುದು ಬೇಡ.

ಆದರೆ ಕುಡಿಯುವುದು ನಲ್ಲಿ ನೀರನ್ನೇ ಆದರೆ ಆರ್‌ಓ ದಂಡ. ಕುದಿಸಿ ಆರಿಸಿದರೆ, ಅಥವಾ ಸೋಸಿ, ರೋಗಾಣು ಕೊಲ್ಲುವ ಯುವಿ ದೀಪ ಹಾಯಿಸುವ ಫಿಲ್ಟರ್ ಇದ್ದರೆ ಸಾಕು. ಮನೆ ಆರ್‌ಓ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಆಚೆ ಬಿಡುತ್ತದೆ. ನಮ್ಮಂಥ ಬರಗಾಲದ ಜಿಲ್ಲೆಯಲ್ಲಿ ಅದು ನೋಡಲಾಗದ ನಷ್ಟ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ಬಳಕೆಯನ್ನು ತಡೆಯುವಂತೆ ಕೇಂದ್ರ ಪರಿಸರ ಸಚಿವಾಲಯಕ್ಕೆ ಹೇಳಿದ್ದೂ ಇದೇ ಕಾರಣಕ್ಕೆ.

ಆರ್‌ಓ ಆಚೆ ಬಿಡುವ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು, ಶೌಚಕ್ಕೆ ಬಳಸಿ. ಕುಂಡದ ಗಿಡಕ್ಕೆ ದಿನಾ ಹಾಕಬೇಡಿ. ಅದರಲ್ಲಿ ಉಪ್ಪು ದಟ್ಟವಾಗಿರುತ್ತದೆ, ಮಣ್ಣು ಕೆಡುತ್ತದೆ.

ಸಾಫ್ಟ್‌ನರ್ ಹಾಕಿಸಿದರೆ ಹೇಗೆ?

ಸಾಫ್ಟ್‌ನರ್ ಒಳಗೆ ರೆಸಿನ್ ಅಂತ ಸಣ್ಣ ಸಣ್ಣ ಮಣಿ ಇರುತ್ತವೆ. ಅವು ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದಿಟ್ಟು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿದ ಮೇಲೆ ಉಪ್ಪು ನೀರು ಹಾಯಿಸಿ ತೊಳೆಯಬೇಕು. ಸ್ನಾನ, ಬಟ್ಟೆ, ಗೀಸರ್‌ಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಬೋರ್ ನೀರಿನ ಗಡಸುತನ ಮುನ್ನೂರು ನಾನೂರು ದಾಟಿದ ಮನೆಯವರು ಯೋಚಿಸಬಹುದು.

ಕುಡಿಯುವ ನೀರಿಗೆ ಬೇಡ. ಗಡಸುತನ 400 ಇರುವ ನೀರನ್ನು ಪೂರ್ತಿ ಮೆದು ಮಾಡಿದರೆ ಲೀಟರಿಗೆ ಸುಮಾರು 180 ಮಿಲಿಗ್ರಾಂ ಸೋಡಿಯಂ ಹೊಸದಾಗಿ ಸೇರುತ್ತದೆ. ಬಿಪಿ ಇದ್ದವರು, ಉಪ್ಪು ಕಡಿಮೆ ಮಾಡಿ ಅಂತ ಡಾಕ್ಟರ್ ಹತ್ತಿರ ಹೇಳಿಸಿಕೊಂಡವರು ಇದನ್ನು ನೆನಪಿಡಬೇಕು. ಸಾಫ್ಟ್‌ನರ್ ಫ್ಲೋರೈಡ್ ತೆಗೆಯುವುದಿಲ್ಲ, ರೋಗಾಣು ಕೊಲ್ಲುವುದಿಲ್ಲ. ತೊಳೆದ ಉಪ್ಪು ನೀರು ತೆಂಗಿನ ಬುಡಕ್ಕೆ ಹೋಗದ ಹಾಗೆ ನೋಡಿಕೊಳ್ಳಿ.

ಪೈಪಿಗೆ ಮ್ಯಾಗ್ನೆಟ್ ಕಟ್ಟಿದರೆ ಗಡಸುತನ ಹೋಗುತ್ತದಂತೆ?

ಹೋಗುವುದಿಲ್ಲ. ಕ್ಯಾಲ್ಸಿಯಂ ನೀರಿನಲ್ಲೇ ಇರುತ್ತದೆ. ಕಟ್ಟುವ ಮೊದಲು, ಕಟ್ಟಿದ ಮೇಲೆ ಎರಡು ಸಲ ಪರೀಕ್ಷೆ ಮಾಡಿಸಿ ನೋಡಿ.

ಬೇಳೆ ಎಷ್ಟು ಕೂಗಿಸಿದರೂ ಬೇಯುವುದಿಲ್ಲ. ನೀರಿನದೇ ದೋಷವಾ?

ಬಹುಮಟ್ಟಿಗೆ ಹೌದು. ಬೇಳೆಯ ಕಣಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್‌ಗೆ ನೀರಿನ ಕ್ಯಾಲ್ಸಿಯಂ ಸೇರಿಕೊಂಡು ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಅದಕ್ಕೇ ಕುಕ್ಕರ್ ಐದಾರು ಸಲ ಕೂಗಿದರೂ ತೊಗರಿಬೇಳೆ ಕಾಳು ಕಾಳಾಗಿಯೇ ಉಳಿಯುತ್ತದೆ. ಹಳೆಯ ಬೇಳೆಯಾದರೆ ಇನ್ನೂ ಕಷ್ಟ.

ಬೇಳೆಗೆ ಮಾತ್ರ ನಲ್ಲಿ ನೀರು ಎತ್ತಿಟ್ಟುಕೊಳ್ಳಿ. ಅದಿಲ್ಲ ಅಂದರೆ ಹಿಂದಿನ ರಾತ್ರಿ ಬೋರ್ ನೀರನ್ನು ಹತ್ತು ನಿಮಿಷ ಕುದಿಸಿ, ಮುಚ್ಚಿ, ಬೆಳಗ್ಗೆ ತಳದ ಬಿಳಿ ಪುಡಿ ಕದಡದಂತೆ ಮೇಲಿನದನ್ನು ಬಗ್ಗಿಸಿಕೊಳ್ಳಿ. ಕುದಿಸಿದರೆ ಹೋಗುವ ಬಗೆಯ ಗಡಸುತನ ಅಷ್ಟರಲ್ಲಿ ಇಳಿದಿರುತ್ತದೆ. ಬೇಳೆಯನ್ನು ನೆನೆಹಾಕುವುದಕ್ಕೂ ಅದೇ ನೀರು ಬಳಸಿ. ಚಿಟಿಕೆ ಸೋಡಾ ಹಾಕಿದರೂ ಬೇಯುತ್ತದೆ, ಆದರೆ ಬಿ1 ವಿಟಮಿನ್ ಹಾಳಾಗುತ್ತದೆ, ರುಚಿಯೂ ಬೇರೆಯಾಗುತ್ತದೆ. ಹುಣಸೆ, ಟೊಮೆಟೊ ಬೇಳೆ ಬೆಂದ ಮೇಲೇ ಹಾಕಿ. ಹುಳಿ ಮೊದಲೇ ಬಿದ್ದರೆ ಬೇಯುವುದು ಇನ್ನೂ ನಿಧಾನ.

ಅನ್ನ ಹಳದಿಯಾಗುತ್ತದೆ, ಅಕ್ಕಿ ಕೆಟ್ಟದ್ದಾ?

ಅಕ್ಕಿಯದಲ್ಲ. ಕ್ಷಾರದ ಅಂಶ ಜಾಸ್ತಿ ಇರುವ ನೀರಿನಲ್ಲಿ ಬೇಯಿಸಿದರೆ ಹಾಗಾಗುತ್ತದೆ. ನಾಲ್ಕು ಹನಿ ನಿಂಬೆರಸ ಹಾಕಿ ಬೇಯಿಸಿ, ಬಿಳಿಯಾಗೇ ಇರುತ್ತದೆ.

ಸ್ನಾನ ಮಾಡಿದರೆ ಮೈ ಅಂಟಂಟು, ಕೂದಲು ನಾರು. ಉದುರುವುದಕ್ಕೂ ಇದೇ ಕಾರಣವಾ?

ಗಡಸು ನೀರಿನಲ್ಲಿ ಸೋಪು ನೊರೆಯಾಗುವ ಬದಲು ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಗಸಿಯಾಗುತ್ತದೆ. ಬಕೆಟ್ ಅಂಚಿಗೆ ಬೂದು ಬಣ್ಣದಲ್ಲಿ ಅಂಟುವುದು ಅದೇ. ಅದು ಚರ್ಮದ ಮೇಲೆ, ಕೂದಲ ಮೇಲೆ ಉಳಿದು ಒಣಗಿಸುತ್ತದೆ. ಮಕ್ಕಳಿಗೆ ಕೆರೆತ ಜಾಸ್ತಿಯಾಗಬಹುದು. ಕೂದಲು ಒರಟಾಗಿ ಬಾಚುವಾಗ ತುಂಡಾಗುತ್ತದೆ, ನಿಜ. ಆದರೆ ಬುಡದಿಂದ ಉದುರುವುದಕ್ಕೆ ರಕ್ತಹೀನತೆ, ಥೈರಾಯ್ಡ್, ಹೆರಿಗೆ, ವಂಶ ಹೀಗೆ ಬೇರೆ ಕಾರಣ ಇರುತ್ತವೆ. ಎಲ್ಲವನ್ನೂ ನೀರಿನ ಮೇಲೆ ಹಾಕಿ ಡಾಕ್ಟರ್ ಹತ್ತಿರ ಹೋಗುವುದು ತಡ ಮಾಡಬೇಡಿ.

ಸೋಪಿಗಿಂತ ಶಾಂಪೂ ಗಡಸು ನೀರಿಗೆ ಹೊಂದುತ್ತದೆ, ಅದು ಗಸಿ ಕಟ್ಟುವುದಿಲ್ಲ. ಶೀಗೇಕಾಯಿಯೂ ಸರಿ. ಕೊನೆಯ ಎರಡು ಚೊಂಬು ಮಾತ್ರ ನಲ್ಲಿ ನೀರೋ ಮಳೆ ನೀರೋ ಹಾಕಿಕೊಂಡರೂ ವ್ಯತ್ಯಾಸ ಗೊತ್ತಾಗುತ್ತದೆ.

ಗೀಸರ್ ಕಾಯಿಲ್ ಪದೇ ಪದೇ ಸುಟ್ಟುಹೋಗುತ್ತದೆ. ಸೋಲಾರ್‌ನಲ್ಲೂ ಬಿಸಿ ನೀರು ಕಡಿಮೆಯಾಗಿದೆ.

ಸಕ್ಕರೆ ಬಿಸಿ ನೀರಿನಲ್ಲಿ ಜಾಸ್ತಿ ಕರಗುತ್ತದೆ. ಈ ಸುಣ್ಣ ಅದಕ್ಕೆ ಉಲ್ಟಾ, ನೀರು ಬಿಸಿಯಾದಷ್ಟೂ ಹೊರಗೆ ಬಂದು ಕೂರುತ್ತದೆ. ಎಲ್ಲಕ್ಕಿಂತ ಬಿಸಿ ಇರುವುದು ಕಾಯಿಲ್, ಹಾಗಾಗಿ ಅದರ ಮೇಲೇ ಪದರ ಕಟ್ಟುತ್ತದೆ. ಕಾಯಿಲಿನ ಬಿಸಿ ಆ ಪದರ ದಾಟಿ ನೀರಿಗೆ ಸರಿಯಾಗಿ ಹೋಗುವುದಿಲ್ಲ, ಕಾಯಿಲ್ ಒಳಗೇ ಕಾದು ಸುಟ್ಟುಹೋಗುತ್ತದೆ.

ಗೀಸರ್ ಬಿಸಿಯನ್ನು 50-55 ಡಿಗ್ರಿ ಆಸುಪಾಸು ಇಡಿ. ವರ್ಷಕ್ಕೊಮ್ಮೆ ಬಿಚ್ಚಿಸಿ ಸುಣ್ಣ ತೆಗೆಸಿ. ಒಳಗಿರುವ ಮೆಗ್ನೀಷಿಯಂ ರಾಡ್ ಸವೆದಿದ್ದರೆ ಆಗಲೇ ಬದಲಾಯಿಸಿ, ಟ್ಯಾಂಕ್ ತುಕ್ಕು ಹಿಡಿಯದಂತೆ ಕಾಯುವುದು ಅದು. ಸೋಲಾರ್‌ನಲ್ಲಿ ತಾಮ್ರದ ಸಣ್ಣ ಕೊಳವೆಗಳ ಫ್ಲಾಟ್ ಪ್ಲೇಟ್ ಇದ್ದರೆ ಸುಣ್ಣ ಕಟ್ಟಿ ಮುಚ್ಚಿಕೊಳ್ಳುತ್ತವೆ. ಗಾಜಿನ ಟ್ಯೂಬಿನವು ಗಡಸು ನೀರನ್ನು ಸ್ವಲ್ಪ ತಾಳುತ್ತವೆ. ಹೊಸದು ಹಾಕಿಸುವವರು ಬೋರ್ ನೀರಿನ ಪರೀಕ್ಷೆಯ ಚೀಟಿ ತೋರಿಸಿಯೇ ಕೊಂಡುಕೊಳ್ಳಿ. ಸಾಧ್ಯವಾದರೆ ಸೋಲಾರ್‌ಗೆ ನಲ್ಲಿ ನೀರಿನ ಟ್ಯಾಂಕಿನಿಂದಲೇ ಪೈಪ್ ಕೊಡಿಸಿ.

ಬಿಳಿ ಕಲೆ ಹೋಗಿಸುವುದು ಹೇಗೆ?

ಹುಳಿಯೇ ಮದ್ದು. ಹಿಂಡಿದ ನಿಂಬೆ ಹೋಳು, ಹುಣಸೆ ಹಿಪ್ಪೆ, ವಿನೆಗರ್, ನಿಂಬೆ ಉಪ್ಪು ಯಾವುದಾದರೂ ಆಗುತ್ತದೆ. ಹಚ್ಚಿ ಅರ್ಧ ಗಂಟೆ ಬಿಟ್ಟು ಉಜ್ಜಿ. ಇಡ್ಲಿ ಬೇಯಿಸುವಾಗ ತಳದ ನೀರಿಗೆ ಹುಣಸೆ ಚೂರೊಂದು ಹಾಕುವ ಅಭ್ಯಾಸ ಎಷ್ಟೋ ಮನೆಯಲ್ಲಿದೆ. ಅದು ಇದೇ ವಿದ್ಯೆ. ಷವರ್ ತೂತು ಮುಚ್ಚಿದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ವಿನೆಗರ್ ತುಂಬಿ ಷವರ್ ಮುಳುಗುವ ಹಾಗೆ ರಾತ್ರಿ ಕಟ್ಟಿಡಿ.

ಕಕ್ಕಸಿಗೆ ಹಾಕುವ ಆಸಿಡ್ಡನ್ನು ನಲ್ಲಿಗೆ, ಪಾತ್ರೆಗೆ ಹಾಕಬೇಡಿ. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಯಾವತ್ತೂ ಒಟ್ಟಿಗೆ ಸೇರಿಸಬೇಡಿ. ಕ್ಲೋರಿನ್ ಗಾಳಿ ಎದ್ದು ಉಸಿರು ಕಟ್ಟುತ್ತದೆ. ಬಾಗಿಲು ಹಾಕಿದ ಸಣ್ಣ ಬಚ್ಚಲಲ್ಲಿ ಅದು ಪ್ರಾಣಕ್ಕೇ ಬರಬಹುದು.

ನೀರು ಬಿಟ್ಟ ಕೂಡಲೇ ಮೊದಲು ಕಂದು ಬಣ್ಣದ್ದು ಬರುತ್ತದೆ. ಯಾಕೆ?

ನಮ್ಮ ಪೈಪಿನಲ್ಲಿ ನೀರು ಸದಾ ತುಂಬಿರುವುದಿಲ್ಲ. ನೀರು ನಿಲ್ಲಿಸಿದ ಮೇಲೆ ಪೈಪ್ ಖಾಲಿಯಾಗುತ್ತದೆ. ಎಲ್ಲಿ ಸಂದು ಬಿಟ್ಟಿದೆಯೋ ಅಲ್ಲಿಂದ ಪಕ್ಕದ ಚರಂಡಿ ನೀರು, ಮಣ್ಣು ಒಳಗೆ ಇಳಿಯುತ್ತದೆ. ನೀರುಗಂಟಿ ವಾಲ್ವ್ ತಿರುಗಿಸಿದಾಗ ಅದೆಲ್ಲ ಮೊದಲು ಬರುತ್ತದೆ. ತಿಳಿಯಾಗುವವರೆಗೆ ಹಿಡಿದು ಬೇರೆಯದಕ್ಕೆ ಬಳಸಿ, ಸಂಪಿಗೆ ಬಿಡಬೇಡಿ.

ಇನ್ನೊಂದು ಮಾತು ಮನಸ್ಸಿಟ್ಟು ಕೇಳಿ. ನಲ್ಲಿ ಪೈಪಿಗೇ ಮೋಟಾರ್ ಹಾಕಿ ಎಳೆಯಬೇಡಿ. ಎಳೆದಾಗ ಪೈಪಿನೊಳಗೆ ಒತ್ತಡ ಇಳಿದು, ಒಡೆದ ಕಡೆಯಲ್ಲೆಲ್ಲ ಚರಂಡಿ ನೀರನ್ನು ಹೀರಿಕೊಳ್ಳುತ್ತದೆ. ಆ ನೀರು ನಿಮ್ಮ ಸಂಪಿಗೂ ಬರುತ್ತದೆ, ಮೋಟಾರ್ ಇಲ್ಲದ ಪಕ್ಕದ ಮನೆಯ ಕೊಡಕ್ಕೂ ಬರುತ್ತದೆ. ನಮ್ಮ ಸಂಪು ತುಂಬಿಸುವ ಆತುರದಲ್ಲಿ ಪಕ್ಕದ ಮನೆಯ ಕೂಸಿಗೆ ಕಾಯಿಲೆ ತರುವುದು ಯಾವ ನ್ಯಾಯ?

ಕಂದು ಬಣ್ಣ ಹೋಗದೆ ಮೂರು ಸರದಿ ಹಾಗೇ ಬಂದರೆ, ಅಥವಾ ಕೊಳೆತ ವಾಸನೆ ಇದ್ದರೆ, ಫೋಟೋ ತೆಗೆದು ನಗರಸಭೆಗೆ ಬರವಣಿಗೆಯಲ್ಲೇ ದೂರು ಕೊಡಿ. ಇಡೀ ಬೀದಿಯವರು ಸೇರಿ ಕೊಟ್ಟರೆ ಬೇಗ ಬರುತ್ತಾರೆ. ಬೇಸಿಗೆಯಲ್ಲಿ ಬರುವ ಹಸಿ ಮಣ್ಣಿನ ವಾಸನೆ ಬೇರೆ. ಕೆರೆಯಲ್ಲಿ ಪಾಚಿ ಹೆಚ್ಚಿದಾಗ ಹಾಗಾಗುತ್ತದೆ.

ಸಂಪು ಎಷ್ಟು ದಿನಕ್ಕೆ ತೊಳೆಯಬೇಕು?

ಆರು ತಿಂಗಳಿಗೊಮ್ಮೆಯಾದರೂ. ಮಳೆಗಾಲಕ್ಕೆ ಮೊದಲು ಒಮ್ಮೆ ತಪ್ಪಿಸಬೇಡಿ. ಖಾಲಿ ಮಾಡಿ, ತಳದ ಗಸಿ ಬಳಿದು ತೆಗೆದು, ಗೋಡೆ ಉಜ್ಜಿ, ಬ್ಲೀಚಿಂಗ್ ನೀರಿನಲ್ಲಿ ತೊಳೆದು ಹೊರಗೆ ಚೆಲ್ಲಿ. ಆಳದ ಸಂಪಿಗೆ ಒಬ್ಬರೇ ಇಳಿಯಬಾರದು. ಮುಚ್ಚಳ ಮೊದಲೇ ತೆಗೆದಿಟ್ಟು ಗಾಳಿಯಾಡಲು ಬಿಡಿ, ಮೇಲೊಬ್ಬರು ನಿಂತಿರಲಿ.

ತಿಳಿ ನೀರಾದರೆ 1000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು. ಮಗ್ಗಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಸಂಪಿಗೆ ಹಾಕಿ. ಅರ್ಧ ಗಂಟೆ ಬಿಟ್ಟು ಬಳಸಿ. ಡಬ್ಬಿ ತೆರೆದು ತಿಂಗಳಾನುಗಟ್ಟಲೆ ಇಟ್ಟ ಪೌಡರ್‌ಗೆ ಶಕ್ತಿ ಇರುವುದಿಲ್ಲ.

ನಲ್ಲಿ ನೀರು ಬ್ಲೀಚಿಂಗ್ ವಾಸನೆ ಹೊಡೆಯುತ್ತದೆ, ಕುಡಿಯಬಹುದಾ?

ಕುಡಿಯಬಹುದು. ಸ್ವಲ್ಪ ವಾಸನೆ ಇದ್ದರೆ ರೋಗಾಣು ಕೊಲ್ಲುವ ಕ್ಲೋರಿನ್ ನಿಮ್ಮ ಮನೆವರೆಗೂ ಉಳಿದು ಬಂದಿದೆ ಅಂತ ಅರ್ಥ. ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು ಅಂತಲೇ ನಿಯಮ. ಅಗಲ ಬಾಯಿಯ ಪಾತ್ರೆಯಲ್ಲಿ ತೆಳ್ಳನೆ ಬಟ್ಟೆ ಮುಚ್ಚಿ ಕೆಲವು ಗಂಟೆ ಇಟ್ಟರೆ ವಾಸನೆ ಹೋಗುತ್ತದೆ.

ತಾಮ್ರದ ಚೊಂಬು, ಪಟಿಕ, ನುಗ್ಗೆ ಬೀಜ?

ತಾಮ್ರದಲ್ಲಿ ರಾತ್ರಿಯಿಡೀ ಇಟ್ಟರೆ ಬ್ಯಾಕ್ಟೀರಿಯಾ ಕಡಿಮೆಯಾಗುತ್ತವೆ. ಪಟಿಕ, ನುಗ್ಗೆ ಬೀಜದ ಪುಡಿ ಕದಡಿದ ನೀರನ್ನು ತಿಳಿ ಮಾಡುತ್ತವೆ. ಈ ಮೂರನ್ನೂ ಗಡಸುತನಕ್ಕಾಗಲಿ ಫ್ಲೋರೈಡ್‌ಗಾಗಲಿ ಮನೆಯಲ್ಲಿ ನೆಚ್ಚಿಕೊಳ್ಳಬೇಡಿ.

ಪರೀಕ್ಷೆ ಎಲ್ಲಿ, ಹೇಗೆ ಮಾಡಿಸುವುದು?

ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯ ಜಿಲ್ಲಾ ಕೇಂದ್ರದಲ್ಲಿ ಇರುತ್ತದೆ. ಜನರೂ ಸಣ್ಣ ಶುಲ್ಕ ಕಟ್ಟಿ ನೀರು ಕೊಡಬಹುದು. ಗಡಸುತನ, ಟಿಡಿಎಸ್, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಬ್ಯಾಕ್ಟೀರಿಯಾ ಇಷ್ಟನ್ನು ಹೆಸರು ಹೇಳಿ ಕೇಳಿ.

ಒಂದು ಲೀಟರ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ. ಬೋರ್ ಮೋಟಾರ್ ಐದು ನಿಮಿಷ ಓಡಿದ ಮೇಲೆ ಕಂಠಪೂರ್ತಿ ಹಿಡಿಯಿರಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ನಿಮ್ಮ ಬಾಟಲಿ ಆಗದು. ಅವರೇ ಕೊಡುವ ಶುದ್ಧ ಬಾಟಲಿ ತಂದು, ಬಾಯಿಗೆ ಬೆರಳು ತಾಗಿಸದೆ ತುಂಬಿ, ತಣ್ಣಗಿಟ್ಟು ಅವತ್ತೇ ತಲುಪಿಸಿ. ಬೇಸಿಗೆ ಕೊನೆಗೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಮಾಡಿಸಿದರೆ ನಿಮ್ಮ ಬೋರಿನ ಗುಣ ಪೂರ್ತಿ ತಿಳಿಯುತ್ತದೆ.

ಮನೆಯಲ್ಲೇ ನೋಡಲು ಎಚ್2ಎಸ್ ಅನ್ನುವ ಪುಟ್ಟ ಬಾಟಲಿ ಸಿಗುತ್ತದೆ. ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಕಡೆ ಇಡಿ. ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಅಂಶ ಸೇರಿದೆ ಅಂತ ಎಚ್ಚರಿಕೆ. ಬಾಟಲಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಗಡಸುತನಕ್ಕೆ ಹನಿ ಹಾಕಿ ನೋಡುವ ಕಿಟ್ ಇದೆ. ದ್ರಾಕ್ಷಿ ಕೆಂಪು ಬಣ್ಣ ಎಷ್ಟನೇ ಹನಿಗೆ ನೀಲಿಗೆ ತಿರುಗಿತು ಅಂತ ಎಣಿಸಬೇಕು. ನಮ್ಮ ಮನೆ ಮಗಳು ಶಾಲೆಯಿಂದ ಬಂದವಳೇ ಎರಡೂ ಟ್ಯಾಂಕಿನ ನೀರು ಹಿಡಿದು ಹನಿ ಎಣಿಸುತ್ತಾ ಕೂರುತ್ತಾಳೆ.

ಶುದ್ಧ ಕುಡಿಯುವ ನೀರಿನ ಘಟಕದ ನೀರು ನಂಬಬಹುದಾ?

ನಾಣ್ಯ ಹಾಕಿ ಕ್ಯಾನ್ ಹಿಡಿಯುವ ಘಟಕಗಳು ಎಷ್ಟೋ ಮನೆಗಳ ಫ್ಲೋರೈಡ್ ಕಾಟ ತಪ್ಪಿಸಿವೆ. ಅದನ್ನು ಮೆಚ್ಚಲೇಬೇಕು. ಆದರೆ ಮೆಂಬ್ರೇನ್ ಬದಲಾಯಿಸದಿದ್ದರೆ ಅದೂ ಬರೀ ನಲ್ಲಿಯೇ. ಕೊನೆಯದಾಗಿ ಯಾವಾಗ ಬದಲಾಯಿಸಿದಿರಿ, ಪರೀಕ್ಷೆಯ ವರದಿ ಎಲ್ಲಿ ಅಂತ ಕೇಳಿ. ನಿಮ್ಮ ಕ್ಯಾನನ್ನೂ ನೋಡಿಕೊಳ್ಳಿ. ಒಳಗೆ ಹಸಿರು ಪಾಚಿ ಕಟ್ಟಿದ ಕ್ಯಾನಿಗೆ ಎಂಥ ನೀರು ತುಂಬಿದರೂ ಕೆಡುತ್ತದೆ.

ಮಳೆ ನೀರು ಹಿಡಿದು ಕುಡಿಯಬಹುದಾ? ನಮ್ಮ ಕಡೆ ಮಳೆಯೇ ಕಡಿಮೆ ಅಲ್ವಾ?

ಕಡಿಮೆಯೇ. ಆದರೂ ಲೆಕ್ಕ ಹಾಕಿ ನೋಡಿ. 30×40 ಸೈಟಿನ ತುಂಬಾ ತಾರಸಿ ಇದ್ದರೆ ಸುಮಾರು 110 ಚದರ ಮೀಟರ್. 10 ಮಿಲಿಮೀಟರ್‌ನ ಒಂದು ಮಳೆಗೆ ಅದರ ಮೇಲೆ 1100 ಲೀಟರ್ ಬೀಳುತ್ತದೆ. ಹರಿದು ಹೋಗಿದ್ದು, ಮೊದಲು ಚೆಲ್ಲಿದ್ದು ಕಳೆದರೂ 900 ಲೀಟರ್ ಕೈಗೆ ಸಿಗುತ್ತದೆ. ಆ ನೀರಿನಲ್ಲಿ ಗಡಸುತನ ಹೆಚ್ಚುಕಮ್ಮಿ ಸೊನ್ನೆ, ಫ್ಲೋರೈಡ್ ಇಲ್ಲದಷ್ಟೇ.

ತಾರಸಿ ಗುಡಿಸಿ, ಮೊದಲ ಹತ್ತು ಹದಿನೈದು ನಿಮಿಷದ ನೀರು ಹೊರಗೆ ಬಿಡಿ. ಮರಳು, ಜಲ್ಲಿಯ ಸೋಸುವ ತೊಟ್ಟಿ ದಾಟಿಸಿ, ಬೆಳಕು ಬೀಳದ ಮುಚ್ಚಿದ ಟ್ಯಾಂಕಿಗೆ ತುಂಬಿಸಿ. ಕುಡಿಯುವುದಾದರೆ ಕುದಿಸಿಯೇ ಕುಡಿಯಿರಿ, ಹಕ್ಕಿ ಹಿಕ್ಕೆ ಅಲ್ಲಿ ಇದ್ದೇ ಇರುತ್ತದೆ. ಟ್ಯಾಂಕ್ ತುಂಬಿ ಉಳಿದದ್ದನ್ನು ಬೋರ್ ಪಕ್ಕದ ಇಂಗುಗುಂಡಿಗೆ ಬಿಡಿ.

ಅಷ್ಟೆಲ್ಲ ಮಾಡಲು ಆಗದಿದ್ದರೆ ಮೊದಲ ಮಳೆಗಳು ಕಳೆದ ಮೇಲೆ, ತೊಳೆದ ಎರಡು ಡ್ರಮ್ಮನ್ನು ತಾರಸಿಯ ಪೈಪಿನ ಕೆಳಗೆ ಇಡಿ. ಬಾಯಿಗೆ ಹಳೆಯ ಬಿಳಿ ಪಂಚೆ ಕಟ್ಟಿ. ನಮ್ಮ ಮನೆಯಲ್ಲಿ ಅಮ್ಮ ಮಾಡುವುದು ಅಷ್ಟೇ. ಆ ನೀರು ಬೇಳೆಗೆ, ಟೀಗೆ ಮಾತ್ರ. ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಕುಕ್ಕರ್ ಮೂರು ಕೂಗಿಗೆ ಇಳಿಯುತ್ತದೆ, ಸೌಟಿನಲ್ಲಿ ಒಂದು ಸಲ ತಿರುವಿದರೆ ಬೇಳೆ ಬೆಣ್ಣೆಯ ಹಾಗೆ ಕದಡಿಕೊಳ್ಳುತ್ತದೆ.